ಪ್ಲಾಸಿದೊ ಅಜ್ಜನ ಕೈ

ಮಾಂಟೆವಿಡಿಯೊ, ಏಪ್ರಿಲ್ 4

ಎಲ್ಬಿಯೊ ಮಹಾಶಯನಿಗೆ,

ನಿನ್ನ ಲಕೋಟೆ ನಿನ್ನೆಯ ಬಸ್ಸಿಗೆ ಬಂತು. ಪಾರ್ಸೆಲ್ ಕೌಂಟರಿನವಳು ಅದನ್ನು ಮೂಸಿ ನೋಡಿ, "ತಿಂಡಿ ಇದ್ರೆ ಇಲ್ಲೇ ಬಿಚ್ಚಮ್ಮ, ನಮಗೂ ಒಂದು ಚೂರು ಇರ್ಲಿ" ಅಂದಳು. ತಿಂಡಿ ಎಲ್ಲಿ ಬಂತು, ಬರೀ ಬೆಣ್ಣೆ ಜಿಡ್ಡು. ಪ್ಲಾಸಿದೊ ಅಜ್ಜನ ಎರಡನೇ ಚೌಕದ ಮಾತಿನ ಮೇಲೇ ನಿನ್ನ ಹೆಬ್ಬೆರಳು ಕೂತಿದೆ. ಸ್ಕ್ಯಾನ್ ಮಾಡಿದರೆ ಅಕ್ಷರ ಹೋಗಿ ಕಲೆ ಮಾತ್ರ ಉಳಿಯಿತು. ಬೇರೆ ದಾರಿಯಿಲ್ಲದೆ ಹಾಗೇ ಹಾಕಿದೆ. ಓದುಗರೊಬ್ಬರು 'ಅಜ್ಜ ಅಳುತ್ತಿದ್ದಾನಾ?' ಎಂದು ಕೇಳಿದರು. 'ಇಲ್ಲ, ಬನ್ನು ತಿನ್ನುತ್ತಿದ್ದಾನೆ' ಎಂದು ಉತ್ತರ ಕೊಟ್ಟೆ.

ಟೈಪ್ ಮಾಡಿ ಕಳಿಸು ಅನ್ನುವ ಹಾಗಿಲ್ಲವಲ್ಲ, ಅದೇ ನನ್ನ ಕರ್ಮ. ನಮ್ಮ ಚಿತ್ರಕಥೆ 'ಹೊಳೆಕಟ್ಟೆ' ಅಂತರ್ಜಾಲಕ್ಕೆ ಏರಿದ ಮೊದಲ ಗುರುವಾರದಿಂದಲೂ ಚಿತ್ರ ನನ್ನದು, ಮಾತು ನಿನ್ನದು, ಮಾತಿನ ಗುಳ್ಳೆಯೊಳಗಿನ ಅಕ್ಷರವೂ ನಿನ್ನ ಕೈಯದೇ. ಒಂದು ಸಲ ನಿನಗೆ ಜ್ವರ ಬಂದಾಗ ಕಂಪ್ಯೂಟರಿನ ಅಕ್ಷರ ಹಾಕಿದ್ದಕ್ಕೆ ಜನ ಏನಂದರು ನೆನಪಿದೆಯಾ? "ಅಜ್ಜ ಅಜ್ಜಿ ಇಬ್ರೂ ಸರ್ಕಾರಿ ಆಫೀಸಿನವರ ಥರ ಮಾತಾಡ್ತಿದಾರೆ" ಅಂದರು.

ಇನ್ನು ಮೂರು ಗುರುವಾರಕ್ಕಾಗುವಷ್ಟು ಪುಟಗಳು ಮಾತ್ರ ಸಿದ್ಧ ಇವೆ. ನೀನು ಅಕ್ಕನ ಬೇಕರಿಗೆ ಹೋಗುವಾಗ ಎರಡು ತಿಂಗಳು ಅಂದಿದ್ದೆ. ಭಾವ ತೀರಿಕೊಂಡು ವರ್ಷವಾಯಿತು, ನೀನು ಹೋಗಿಯೂ ಹೆಚ್ಚುಕಡಿಮೆ ಅಷ್ಟೇ ಆಯಿತು. ಯಾವಾಗ ಬರುತ್ತೀಯ ಅಂತ ಕೇಳುತ್ತಿಲ್ಲ. ಪುಟಗಳ ಲೆಕ್ಕಕ್ಕೆ ಬೇಕಿತ್ತು, ಅಷ್ಟೆ.

ನನ್ನ ಬಗ್ಗೆ ಚಿಂತೆ ಬೇಡ. ಮೇಲಿನ ಮನೆಯ ದೆಲಿಯಾ ದಿನಾ ಬೆಳಿಗ್ಗೆ ಫ್ಲಾಸ್ಕು ಕಂಕುಳಲ್ಲಿಟ್ಟುಕೊಂಡು ಇಳಿದು ಬರುತ್ತಾಳೆ. ಇಬ್ಬರೂ ಕೂತು, ಒಂದೇ ಸೋರೆಬುರುಡೆಗೆ ಸೊಪ್ಪು, ಬಿಸಿನೀರು ಹಾಕಿ, ಒಂದೇ ಕೊಳವೆಯಲ್ಲಿ ಸರದಿ ಮೇಲೆ ಮಾಟೆ ಕುಡಿಯುತ್ತೇವೆ. ಅವಳ ಬಾಯಿಗೆ ಬೀಗವಿಲ್ಲ. ಕೆಲಸಕ್ಕೆ ಬಿಡುತ್ತಿಲ್ಲ ಅನ್ನುವುದೊಂದೇ ನನ್ನ ದೂರು.

ಕೈ ತೊಳೆದುಕೊಂಡು ಬರೆ,
ನೀದಿಯಾ


ಕಾಸ್ತೀಯೊಸ್, ಏಪ್ರಿಲ್ 16

ನೀದಿಯಾ,

ಕೈ ತೊಳೆದಿದ್ದೇನೆ. ಎರಡು ಸಲ. ಆದರೂ ಈ ಹಾಳೆ ಜಿಡ್ಡಾದರೆ ತಪ್ಪು ಹಾಳೆಯದು. ಈ ಮನೆಯಲ್ಲಿ ಗಾಳಿಗೂ ಬೆಣ್ಣೆ ಮೆತ್ತಿದೆ.

ನನ್ನ ದಿನಚರಿ ಕೇಳು. ಬೆಳಗಿನ ಜಾವ ಇರ್ಮಾ ಅಕ್ಕ ಬಾಗಿಲು ಬಡಿಯುತ್ತಾಳೆ: "ಏಳೋ ಸಾಹಿತಿ, ಹಿಟ್ಟು ನಿನಗಿಂತ ಮೊದ್ಲೇ ಎದ್ದಿದೆ." ನಾದುವುದು, ಸುತ್ತುವುದು, ಒಲೆಗೆ ನೂಕುವುದು. ಆರು ಗಂಟೆಗೆ ಮೀನಿನವರು, ಏಳಕ್ಕೆ ಶಾಲೆಯ ಮೇಡಂಗಳು, ಆಮೇಲೆ ಇಡೀ ಊರು. ಮಳೆ ಬಂದರಂತೂ ಮುಗಿದೇ ಹೋಯಿತು, ಎಲ್ಲರಿಗೂ ಕರಿದ ರೊಟ್ಟಿ ಬೇಕು. ಮಧ್ಯಾಹ್ನ ಕೂತು ಅಜ್ಜ ಅಜ್ಜಿಗೆ ಮಾತು ಹುಡುಕೋಣ ಅಂದರೆ ಕಣ್ಣು ತಾನಾಗಿ ಮುಚ್ಚುತ್ತದೆ. ಮೊನ್ನೆ ಕೋಕಾ ಅಜ್ಜಿಯ ಬಾಯಲ್ಲಿ 'ಉಪ್ಪು ಕಮ್ಮಿಯಾಯ್ತು' ಅಂತ ಬರೆದಿಟ್ಟಿದ್ದೆ. ಅದು ಅಜ್ಜಿಯ ಮಾತಲ್ಲ, ಅಕ್ಕ ನನ್ನನ್ನು ಬೈದಿದ್ದು.

ಹೊಳೆಕಟ್ಟೆಯನ್ನು ಅಕ್ಕನಿಗೆ ತೋರಿಸಿದೆ. "ಇಬ್ರು ಮುದುಕ್ರು ಗೋಡೆ ಮೇಲೆ ಕೂತು ಮಾಟೆ ಕುಡಿಯೋದನ್ನ ನೋಡೋಕೆ ಫೋನ್ ಯಾಕೆ ಬೇಕು? ಕಿಟಕಿ ತೆಗಿ" ಅಂದಳು. ಆದರೂ ಆ ರಾತ್ರಿ ಊಟಕ್ಕೆ ಕೂತಾಗ, "ಆ ಅಜ್ಜಿಗೆ ಗಂಡ ಇಲ್ವಾ?" ಅಂತ ಕೇಳಿದಳು. ಇಲ್ಲ ಅಂದೆ. ಭಾವನ ತಟ್ಟೆಯನ್ನು ಇನ್ನೂ ಮೇಜಿನ ಮೇಲಿಡುತ್ತಾಳೆ, ನಾನು ಅದನ್ನು ಸುಮ್ಮನೆ ಎತ್ತಿಡುತ್ತೇನೆ.

ದೆಲಿಯಾ ಬರುತ್ತಾಳೆ ಅಂತ ಓದಿ ಮನಸ್ಸು ನಿರಾಳವಾಯಿತು. ನಿಜ ಹೇಳುತ್ತೇನೆ, ನೀನು ಒಬ್ಬಳೇ ಇದ್ದೀಯ ಅನ್ನುವುದೇ ಇಲ್ಲಿ ನನ್ನನ್ನು ಚುಚ್ಚುತ್ತಿತ್ತು. ಎರಡು ವಾರದ ಮಾತು ಇದರ ಜೊತೆ ಇದೆ.

ಹಿಟ್ಟಿನ ಮೂಟೆಗಳ ನಡುವಿನಿಂದ,
ಎಲ್ಬಿಯೊ


ಮಾಂಟೆವಿಡಿಯೊ, ಮೇ 9

ಎಲ್ಬಿಯೊ,

ಎರಡು ವಾರದ ಮಾತು ಅಂದೆ. ಬಿಚ್ಚಿ ನೋಡಿದರೆ ಒಂದು ವಾರಕ್ಕೆ ನಾಲ್ಕು ಸಾಲು, ಇನ್ನೊಂದಕ್ಕೆ 'ಹೂಂ' ಮತ್ತು 'ಊಹೂಂ'. ಅದಾದ ಮೇಲೆ ಲಕೋಟೆಯೇ ಇಲ್ಲ. ಸಿದ್ಧವಿದ್ದ ಪುಟಗಳೆಲ್ಲ ಮುಗಿದವು. ಕಳೆದ ಗುರುವಾರ ಏನು ಮಾಡಿದೆ ಗೊತ್ತಾ? ಡ್ರಾಯರಿನಲ್ಲಿದ್ದ ನಿನ್ನ ಹಳೇ ಹಾಳೆಗಳನ್ನೆಲ್ಲ ಹರಡಿಕೊಂಡು, ಅಲ್ಲಿಂದೊಂದು ಪದ ಇಲ್ಲಿಂದೊಂದು ಪದ ಕತ್ತರಿಸಿ ಅಜ್ಜನ ಬಾಯಿಗೆ ಅಂಟಿಸಿದೆ. ಯಾರಿಗೂ ಗೊತ್ತಾಗಲಿಲ್ಲ. 'ಈ ವಾರ ಅಜ್ಜ ಬಹಳ ಚೆನ್ನಾಗಿ ಮಾತಾಡಿದ್ದಾನೆ' ಎಂದು ಹೊಗಳಿದರು. ನಿನಗೆ ಹೊಟ್ಟೆ ಉರಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕತ್ತರಿಸುವಾಗ ನಿನ್ನ ಹಳೇ ಅಕ್ಷರ ನೋಡಿದೆ. ಮೊದಲ ವರ್ಷ ಎಷ್ಟು ದುಂಡಗೆ ಬರೆಯುತ್ತಿದ್ದೆ! ಈಗ ಅಕ್ಷರಗಳು ಬಸ್ಸು ತಪ್ಪಿಹೋಗುತ್ತದೆ ಅನ್ನುವವರ ಹಾಗೆ ಓಡುತ್ತವೆ.

ಕೋಕಾ ಅಜ್ಜಿಗೆ ಚಳಿಗಾಲದ ಶಾಲು ಹೊದಿಸಿದ್ದೇನೆ. ಹೊಳೆ ಕಡೆಯಿಂದ ಗಾಳಿ ಜೋರಾಗಿದೆ, ಕಟ್ಟೆಯ ಮೇಲೆ ಈಗ ಜನ ಕಮ್ಮಿ. ಕೆಲಸಕ್ಕೆ ಕೂತರೆ ಕಿಟಕಿ ಒಂದೇ ಸಮನೆ ಬಡಿದುಕೊಳ್ಳುತ್ತದೆ. ದೆಲಿಯಾ ಕ್ಷೇಮ. ಶುಕ್ರವಾರಗಳಂದು ಅವಳ ಗೆಳತಿಯರೂ ಬರುತ್ತಾರೆ, ಮನೆಯೆಲ್ಲ ಸಂತೆ.

ಮಾತು ಕಳಿಸು ಮಾರಾಯ.

ನೀದಿಯಾ


ಕಾಸ್ತೀಯೊಸ್, ಮೇ 29

ನೀದಿಯಾ,

ಇದನ್ನು ಮೂರು ಸಲ ಬರೆದು ಹರಿದು ಹಾಕಿದ್ದೇನೆ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಅಕ್ಕ ನನಗೆ ಪಾಲುದಾರನಾಗು ಅನ್ನುತ್ತಿದ್ದಾಳೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಈಗಲೂ ಭಾವನ ಹೆಸರಿದೆ. ಅದನ್ನು ಅಳಿಸಿ 'ಇರ್ಮಾ ಮತ್ತು ತಮ್ಮ' ಅಂತ ಬರೆಸುತ್ತಾಳಂತೆ. "ನೀನು ಹೋಗೋದಾದ್ರೆ ಈಗ್ಲೇ ಹೋಗು, ನಾನು ಅಂಗಡಿ ಮುಚ್ತೀನಿ. ಇರೋದಾದ್ರೆ ಇರು. ಒಂದು ಕಾಲು ಬಸ್ಸಲ್ಲಿ ಒಂದು ಕಾಲು ಹಿಟ್ಟಲ್ಲಿ ಇಟ್ಕೊಂಡು ನಿಂತವನ ಜೊತೆ ನನಗೆ ಬಾಳೋಕಾಗಲ್ಲ" ಅಂದಳು. ಅವಳು ಹೇಳಿದ್ದು ನ್ಯಾಯವೇ. ಜೂನ್ ಕೊನೆಯೊಳಗೆ ಹೇಳುತ್ತೇನೆ ಅಂದಿದ್ದೇನೆ.

ಇದ್ದರೆ ಹೊಳೆಕಟ್ಟೆಗೆ ವಾರವಾರ ಬರೆಯುವುದು ನನ್ನಿಂದಾಗದು, ಈಗಾಗಲೇ ನೋಡುತ್ತಿದ್ದೀಯಲ್ಲ. ಆಗ ನೀನು ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕು.

ಒಂದೇ ಒಂದು ಮಾತು. 'ಇಲ್ಲಿ ನೀನು ಬೇಕು' ಅಂತ ನೀನು ಹೇಳಿದರೆ ಬರುತ್ತೇನೆ. ಪುಟದ ಲೆಕ್ಕ ಹೇಳಬೇಡ, ಓದುಗರ ಹೆಸರು ಹೇಳಬೇಡ. ನಿನಗೆ ಬೇಕಾದರೆ ಬೇಕು ಅನ್ನು.

ಉತ್ತರ ಕಾಯುತ್ತಾ,
ಎಲ್ಬಿಯೊ


ಮಾಂಟೆವಿಡಿಯೊ, ಜೂನ್ 4

ಎಲ್ಬಿಯೊ,

ನನಗೇನೂ ಬೇಡ. ಅಕ್ಕನ ಜೊತೆ ಇರು, ಇರಬೇಕಾದ್ದೇ. ಇಲ್ಲಿ ನನಗೆ ಜನಕ್ಕೆ ಬರವಿಲ್ಲ, ಬಾಗಿಲು ಹಾಕಿದರೂ ಕಿಟಕಿಯಿಂದ ಬರುವಂಥವರು ಇದ್ದಾರೆ. ಬೇರೆ ಬರೆಯುವವರನ್ನು ಹುಡುಕುವುದಿಲ್ಲ, ಮಾತಿಲ್ಲದೆ ಮಾಡುತ್ತೇನೆ. ಇಬ್ಬರು ಮುದುಕರು ಎಷ್ಟು ಅಂತ ಮಾತಾಡುತ್ತಾರೆ? ಸುಮ್ಮನೆ ಕೂತು ಕುಡಿಯಲಿ. ಅಜ್ಜ ನೀರು ಹಾಕುತ್ತಾನೆ, ಬುರುಡೆ ಅಜ್ಜಿಗೆ ಕೊಡುತ್ತಾನೆ, ಅಜ್ಜಿ ಹೊಳೆ ನೋಡುತ್ತಾಳೆ. ನಾಲ್ಕು ಚೌಕಕ್ಕೆ ಅಷ್ಟು ಸಾಕು.

ಬೋರ್ಡಿನ ಅಕ್ಷರ ಪೇಂಟರ್ ಕೈಲಿ ಬರೆಸಬೇಡಿ, ನೀನೇ ಬರೆ.

ನೀದಿಯಾ


ಕಾಸ್ತೀಯೊಸ್, ಜೂನ್ 22

ನೀದಿಯಾ,

ಗುರುವಾರದ ಪುಟ ನೋಡಿದೆ. ನೋಡಿದೆ ಅಂದರೆ, ನೋಡುವ ಹಾಗೆ ಮಾಡಿದರು. ಬೆಳಿಗ್ಗೆ ಶಾಲೆಯ ಮೇಡಂ ಫೋನು ಹಿಡಿದುಕೊಂಡೇ ಬಂದರು. "ಎಲ್ಬಿಯೊ, ಇದೇನ್ರೀ ಇದು? ಪ್ಲಾಸಿದೊ ಅಜ್ಜ ಅಜ್ಜಿಯನ್ನ ಓಡಿಸ್ತಿದಾನಾ?" ನನಗೆ ಅರ್ಥವಾಗಲಿಲ್ಲ. ಅಕ್ಕ ಕೈಯಲ್ಲಿದ್ದ ತಟ್ಟೆ ಇಳಿಸಿ ಬಂದು ಬಗ್ಗಿ ನೋಡಿದಳು.

"ಕೊಳವೆ ನೋಡು" ಅಂದಳು.

ಮೂರನೇ ಚೌಕ. ಅಜ್ಜ ಕೈ ಚಾಚಿ ಬುರುಡೆ ಕೊಡುತ್ತಿದ್ದಾನೆ. ಕೊಳವೆಯ ಬಾಯಿ ಅಜ್ಜಿಯ ಕಡೆ ಇಲ್ಲ, ಅವನದೇ ಕಡೆ ತಿರುಗಿದೆ.

"ಕೊಡೋವಾಗ ಕೊಳವೆ ತಗೊಳ್ಳೋರ ಕಡೆ ಇರಬೇಕು. ಮಗುಗೂ ಗೊತ್ತಿದು" ಅಂದಳು ಅಕ್ಕ. "ತನ್ನ ಕಡೆ ತಿರುಗಿಸ್ಕೊಂಡು ಕೊಟ್ರೆ ಏನರ್ಥ? ಇದು ನಿನಗಲ್ಲ, ಎದ್ದು ನಡಿ ಅಂತ. ನಮ್ಮತ್ತೆ ಒಬ್ಬನಿಗೆ ಹಂಗೆ ಕೊಟ್ಟಿದ್ಲು, ಅವನು ಮತ್ತೆ ಆ ಹೊಸಿಲು ತುಳೀಲಿಲ್ಲ. ಇದು ನಿನಗೇ ಹೇಳಿದ್ದು ಕಣೋ. ಮಾತು ನಿಲ್ಲಿಸಿದವನಿಗೆ ಮಾತಿಲ್ದೇನೇ ಹೇಳಿದಾಳೆ."

ಕೆಳಗೆ ಜನ ಬರೆದಿದ್ದನ್ನೂ ಓದಿದೆ. ಅರ್ಧ ಜನ ಅಜ್ಜನನ್ನು ಬೈದಿದ್ದಾರೆ, ಇನ್ನರ್ಧ ಅಜ್ಜಿ ಏನು ತಪ್ಪು ಮಾಡಿದಳು ಅಂತ ಹುಡುಕುತ್ತಿದ್ದಾರೆ. ಏನು ತಪ್ಪು ಮಾಡಿದಳೋ ನನಗೆ ಗೊತ್ತು. ಎರಡು ತಿಂಗಳು ಅಂದು ಹೋಗಿ ಒಂದು ವರ್ಷ ಬೇಕರಿಯಲ್ಲಿ ಕೂತಳು.

ಬೈಯಬೇಕಿದ್ದರೆ ಬೈಯಬಹುದಿತ್ತು, ನೀದಿಯಾ. ನಾನು ಕೇಳಿದ್ದೆನಲ್ಲ, ಬಾಯಿ ಬಿಟ್ಟು ಹೇಳು ಅಂತ. 'ನನಗೇನೂ ಬೇಡ' ಅಂತ ಕಾಗದದಲ್ಲಿ ಬರೆದದ್ದು ಸಾಲದಾಗಿ, ಇಡೀ ದೇಶದ ಮುಂದೆ ಕೊಳವೆ ತಿರುಗಿಸಬೇಕಿತ್ತಾ? ನನಗೆ ಬಹಳ ನೋವಾಗಿದೆ.

ಅಕ್ಕನಿಗೆ ಹೂಂ ಅಂದಿದ್ದೇನೆ. ನಾಳೆ ಬೋರ್ಡು ಕೆಳಗಿಳಿಸುತ್ತೇವೆ.

ಎಲ್ಬಿಯೊ


ಮಾಂಟೆವಿಡಿಯೊ, ಜೂನ್ 27

ಎಲ್ಬಿಯೊ,

ನಿನ್ನ ಕಾಗದ ಓದಿದ ಮೇಲೆ ಪುಟ ತೆಗೆದು ನೋಡಿದೆ. ನೀನು ಹೇಳಿದ್ದು ನಿಜ. ಆದರೆ ನಮ್ಮಮ್ಮನಾಣೆ, ನಾನು ಅದನ್ನು ಗಮನಿಸಿರಲಿಲ್ಲ.

ಜನ ಬರೆದದ್ದನ್ನು ನಾನು ಓದಿರಲೂ ಇಲ್ಲ. ಮಾತಿಲ್ಲದ ಪುಟ ಹಾಕಿದ ದಿನ ಅದನ್ನೆಲ್ಲ ನೋಡುವುದು ಬೇಡ ಅಂತ ಮುಚ್ಚಿಟ್ಟಿದ್ದೆ, ಎಲ್ಲರೂ ನಿನ್ನನ್ನೇ ಕೇಳುತ್ತಾರೆ ಅಂತ. ನನ್ನ ಶತ್ರುವಿಗೂ ನಾನು ಕೊಳವೆ ತಿರುಗಿಸಿ ಕೊಡುವವಳಲ್ಲ. ನಿನಗೆ ಕೊಡುತ್ತೇನಾ? ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಬರೆದ ಚಿತ್ರವದು, ಒಮ್ಮೆಯೂ ತಪ್ಪಿದ್ದಿಲ್ಲ. ಈ ಸಲವೂ ಎಂದಿನಂತೆಯೇ ಮಾಡಿದೆ. ಮೊದಲು ನೀಲಿ ಪೆನ್ಸಿಲ್ಲಿನಲ್ಲಿ ಗೀಚಿದೆ, ಆಮೇಲೆ ಮಸಿ ಹಾಕಿದೆ, ಬಣ್ಣ ತುಂಬಿದೆ. ಮೂರು ಸಲವೂ ಅದು ಸರಿಯಾಗಿದೆ ಅಂತಲೇ ಕಂಡಿತು. ಈಗ ನೋಡಿದರೆ ನನಗೇ ಗಾಬರಿಯಾಗುತ್ತದೆ.

ತಿದ್ದಿ ಮತ್ತೆ ಹಾಕಿದ್ದೇನೆ. ಪ್ರಯೋಜನವಿಲ್ಲ, ಹಳೆಯದನ್ನು ಜನ ಆಗಲೇ ಎಲ್ಲ ಕಡೆ ಹಂಚಿಕೊಂಡಿದ್ದಾರೆ.

ಬೋರ್ಡು ಏರಿದ ಮೇಲೆ ಈ ಕಾಗದ ತಲುಪುತ್ತದೆ ಅಂತ ಗೊತ್ತು. ನಿನ್ನ ನಿರ್ಧಾರ ಬದಲಾಗಲಿ ಅಂತ ಬರೆಯುತ್ತಿಲ್ಲ. ನಾನು ನಿನಗೆ ಎದ್ದು ನಡಿ ಅನ್ನಲಿಲ್ಲ. ಅದೊಂದನ್ನು ನಂಬು.

ನೀದಿಯಾ


ಕಾಸ್ತೀಯೊಸ್, ಜುಲೈ 5

ನೀದಿಯಾ,

ನಂಬಿದೆ. ನಿನ್ನ ಕಾಗದ ಬರುವ ಮೊದಲೇ ಅರ್ಧ ನಂಬಿದ್ದೆ. ಕಾರಣ ಹೇಳುತ್ತೇನೆ.

ಸಿಟ್ಟು ಇಳಿದ ಮೇಲೆ ಆ ಮೂರನೇ ಚೌಕವನ್ನು ಮತ್ತೆ ನೋಡಿದೆ. ಕೊಳವೆ ಬಿಟ್ಟು ಕೈ ನೋಡಿದೆ. ಪ್ಲಾಸಿದೊ ಅಜ್ಜನ ಕೈ ಮೊದಲಿನಿಂದಲೂ ನನ್ನ ಕೈ ಅಲ್ಲವೇ? ಪ್ರತಿ ಬೆಳಿಗ್ಗೆ ನಿನ್ನೆದುರು ಕೂತು ಬುರುಡೆ ಚಾಚಿ ಹಿಡಿದಿರುತ್ತಿದ್ದೆ. ತೋಳು ಬಿದ್ದುಹೋಗುತ್ತೆ ಅಂದರೂ ನೀನು ಬಿಡದೆ, "ಅಲ್ಲಾಡಬೇಡ್ವೋ, ಹೆಬ್ಬೆರಳು ಬಾಕಿ ಇದೆ" ಅನ್ನುತ್ತಿದ್ದೆ. ದಪ್ಪ ಗಿಣ್ಣು, ಚಪ್ಪಟೆ ಉಗುರು. ಈ ಸಲದ ಕೈಗೆ ಗಿಣ್ಣು ಸಣ್ಣ, ಉಗುರು ಕಚ್ಚಿದ್ದು. ಅದು ನಿನ್ನ ಕೈ.

ಒಬ್ಬರು ತಮ್ಮದೇ ಕೈ ನೋಡಿಕೊಂಡು ಬರೆದರೆ ಕೊಳವೆ ಯಾವ ಕಡೆ ಇರುತ್ತದೆ? ಕುಡಿಯುವವರ ಕಡೆ. ಎಡಗೈಯಲ್ಲಿ ಬುರುಡೆ ಹಿಡಿದು, ಬಲಗೈಯಲ್ಲಿ ಚಿತ್ರ ಬರೆದು, ನಡುವೆ ಒಂದು ಗುಟುಕು ಕುಡಿಯುತ್ತಾ ಕೂತಿದ್ದೀಯ. ಬುರುಡೆಯನ್ನು ನಿನಗೆ ಯಾರೂ ಕೊಟ್ಟಿಲ್ಲ, ನೀನು ಯಾರಿಗೂ ಕೊಟ್ಟಿಲ್ಲ. ಹಾಗೆ ಹಿಡಿದು ಹಿಡಿದು ನಿನ್ನ ಕಣ್ಣಿಗೆ ಅದೇ ಸರಿ ಅನ್ನಿಸಿದೆ.

ಆಗ ದೆಲಿಯಾ ನೆನಪಾದಳು. ದಿನಾ ಬರುವವಳು ಒಂದು ಗಳಿಗೆ ಕೈ ಚಾಚಲಾರಳೇ? ಅವಳ ಮನೆಗೆ ಫೋನು ಮಾಡಿದೆ. ಅಳಿಯ ಎತ್ತಿಕೊಂಡ. "ಅತ್ತೆ ಫೆಬ್ರವರೀಲೇ ಸಾಲ್ತೋಗೆ ತಂಗಿ ಮನೆಗೆ ಹೋದ್ರು. ಇನ್ನು ಅಲ್ಲೇ ಅಂತೆ" ಅಂದ.

ನನಗೆ ಸಿಟ್ಟಿಲ್ಲ. ಅಕ್ಕನಿಗೆ ಹೇಳಿದೆ, ಅವಳು ಹಿಟ್ಟು ನಾದುವುದು ನಿಲ್ಲಿಸಿ, "ಅಯ್ಯೋ, ಆ ಹುಡುಗಿ" ಅಂದಳು ಅಷ್ಟೆ.

ನೀದಿಯಾ, ನೀನು ಯಾರ ಜೊತೆ ಮಾಟೆ ಕುಡಿಯುತ್ತಿದ್ದೀಯ?

ಎಲ್ಬಿಯೊ


ಮಾಂಟೆವಿಡಿಯೊ, ಜುಲೈ 13

ಎಲ್ಬಿಯೊ,

ಯಾರ ಜೊತೆಯೂ ಇಲ್ಲ.

ಇಷ್ಟೇ ಬರೆದು ಕಳಿಸಲು ಹೊರಟಿದ್ದೆ. ಬಸ್ ನಿಲ್ದಾಣದ ತನಕ ಹೋಗಿ ವಾಪಸ್ಸು ಬಂದೆ.

ಶುಕ್ರವಾರದ ಗೆಳತಿಯರು ಯಾರೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ನೀರು ಕಾಯಿಸುತ್ತೇನೆ, ಪರದೆಯ ಮುಂದೆ ಕೂರುತ್ತೇನೆ. ಕೆಲವು ದಿನ ಅಂಗಡಿಯವನಿಗೆ "ಚಿಲ್ಲರೆ ಇದೆ" ಅನ್ನುವುದೇ ನಾನಾಡುವ ಮಾತು. ಗುರುವಾರ ಸಾವಿರಾರು ಜನ ಬಂದು ಅಜ್ಜ ಹೇಗಿದ್ದಾನೆ, ಅಜ್ಜಿಗೆ ನೆಗಡಿ ಹೋಯಿತಾ ಅಂತ ಕೇಳುತ್ತಾರೆ. ಎಲ್ಲರಿಗೂ ಉತ್ತರ ಬರೆಯುತ್ತೇನೆ. ಶುಕ್ರವಾರ ಬೆಳಿಗ್ಗೆ ಮನೆ ಎಷ್ಟು ಸುಮ್ಮನಿರುತ್ತದೆ ಅಂದರೆ ಫ್ರಿಜ್ಜು ಶುರುವಾದರೆ ಬೆಚ್ಚಿಬೀಳುತ್ತೇನೆ.

ದೆಲಿಯಾ ಹೋದದ್ದನ್ನು ಬರೆದಿದ್ದರೆ ನೀನು ಮಾರನೆಯ ದಿನದ ಬಸ್ಸಿಗೇ ಬರುತ್ತಿದ್ದೆ. ಕಾಯಿಲೆಯವರನ್ನು ನೋಡಲು ಬರುವ ಹಾಗೆ ಬರುತ್ತಿದ್ದೆ. ಅಕ್ಕ ಅಂಗಡಿ ಮುಚ್ಚುತ್ತಿದ್ದಳು. ಅವಳ ಅನ್ನ ಕಿತ್ತುಕೊಂಡು ನನ್ನ ಎದುರಿನ ಕುರ್ಚಿ ತುಂಬಿಸಿಕೊಳ್ಳಲಾ? ಅದಕ್ಕೇ ದೆಲಿಯಾಳನ್ನು ಮಹಡಿಯಿಂದ ಇಳಿಸುತ್ತಿದ್ದೆ. ಬರೆದಾಗಲೆಲ್ಲ ಅವಳು ನಿಜವಾಗಿಯೂ ಬಂದು ಹೋದ ಹಾಗೆ ಸ್ವಲ್ಪ ಹೊತ್ತು ಅನ್ನಿಸುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಕಾಗದದಲ್ಲಿ ಎಷ್ಟು ಬೇಕಾದರೂ ಸುಳ್ಳು ಬರೆಯಬಲ್ಲೆ ಅಂತ ಗೊತ್ತಾಯಿತು. ಚಿತ್ರದಲ್ಲಿ ಆಗಲಿಲ್ಲ.

ನೀದಿಯಾ


ಕಾಸ್ತೀಯೊಸ್, ಜುಲೈ 18

ನೀದಿಯಾ,

ಬೋರ್ಡು ಏರಿದೆ, ಅದನ್ನು ಇಳಿಸುವುದಿಲ್ಲ. ಅಕ್ಕನನ್ನು ಬಿಟ್ಟು ಬರಲಾರೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬೇಕರಿಗೆ ಸೋಮವಾರ ರಜೆ. ಈ ಸೋಮವಾರ ಮೊದಲ ಬಸ್ಸಿಗೆ ಹತ್ತಿ ಮಧ್ಯಾಹ್ನಕ್ಕೆ ನಿನ್ನ ಮನೆಯಲ್ಲಿರುತ್ತೇನೆ. ಸಂಜೆಯ ಬಸ್ಸಿಗೆ ವಾಪಸ್ಸಾಗಬೇಕು, ಮಂಗಳವಾರದ ಹಿಟ್ಟು ಕಾಯುವುದಿಲ್ಲ. ಪ್ರತಿ ವಾರ ಅಂತ ಮಾತು ಕೊಡಲಾರೆ. ಅಕ್ಕ, "ಹೋಗಿ ಬಾ. ಅವಳು ತೆಳ್ಳಗಾಗಿದ್ರೆ ನನಗೆ ಬಂದು ಹೇಳು" ಅಂದಿದ್ದಾಳೆ.

ಎಲ್ಬಿಯೊ


ಮಾಂಟೆವಿಡಿಯೊ, ಜುಲೈ 24

ಎಲ್ಬಿಯೊ,

ನೀನು ಬಂದು ಹೋದ ಮೇಲೆ ಹಗುರವಾಗಿದ್ದೇನೆ ಅಂತ ಬರೆಯೋಣ ಅಂದುಕೊಂಡಿದ್ದೆ. ಸುಳ್ಳು ಸಾಕು.

ನಿನ್ನ ಬಸ್ಸು ತಿರುವು ದಾಟುವವರೆಗೂ ನಿಂತಿದ್ದು, ಹೊಳೆಯ ಪಕ್ಕದ ರಸ್ತೆಯಲ್ಲಿ ನಡೆದೇ ಬಂದೆ. ಚಳಿಗೆ ಕಿವಿ ಉರಿಯುತ್ತಿತ್ತು. ಬಾಗಿಲು ತೆಗೆದರೆ ಮನೆ ದೊಡ್ಡದಾಗಿ ಕಂಡಿತು. ನೀನು ಹೋದ ಒಂದು ವರ್ಷದಲ್ಲಿ ಈ ಕೋಣೆಯಲ್ಲಿ ಹೇಗಿರಬೇಕು ಅಂತ ಕಲಿತಿದ್ದೆ. ಯಾವ ಗಂಟೆಗೆ ರೇಡಿಯೊ ಹಾಕಬೇಕು, ಯಾವಾಗ ಕಿಟಕಿ ಕಡೆ ನೋಡಬಾರದು, ಊಟ ಹೇಗೆ ಬೇಗ ಮುಗಿಸಬೇಕು, ಎಲ್ಲ ಗೊತ್ತಿತ್ತು. ಒಂದು ಮಧ್ಯಾಹ್ನ ಕೂತು ನೀನು ಅದನ್ನೆಲ್ಲ ಕೆಡಿಸಿ ಹೋದೆ. ಮಂಗಳವಾರ ನೀರು ಕಾಯಿಸಿ ಎರಡು ಕುರ್ಚಿ ಎಳೆದಿದ್ದೆ. ಒಂದನ್ನು ಮತ್ತೆ ಒಳಗೆ ತಳ್ಳುವುದಕ್ಕೆ ಕೈ ಬರಲಿಲ್ಲ, ನಿಂತುಕೊಂಡೇ ಅತ್ತೆ.

ನೀನಿದ್ದಾಗ ಏನೂ ಕೆಲಸ ಮಾಡಲಿಲ್ಲವಲ್ಲ ನಾವು. ಒಂದು ಗೆರೆ ಎಳೆಯಲಿಲ್ಲ, ಒಂದು ಮಾತು ಬರೆಯಲಿಲ್ಲ. ನೀನು ಅಕ್ಕನ ಮಂಡಿನೋವು, ಒಲೆಯ ಇಟ್ಟಿಗೆ, ಮೀನಿನವರ ಜಗಳ ಎಲ್ಲ ಹೇಳಿದೆ. ನಾನು ಕೇಳಿದೆ. ಈ ಗುರುವಾರ ಹೊಳೆಕಟ್ಟೆಗೆ ಹಾಕಲು ಪುಟವಿಲ್ಲ. 'ಈ ವಾರ ಇಲ್ಲ' ಅಂತ ಬರೆದು ಹಾಕುತ್ತೇನೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಮೇ ತಿಂಗಳಲ್ಲಿ ನೀನು ಒಂದು ಮಾತು ಕೇಳಿದ್ದೆ. ಬೋರ್ಡು ಏರಿದ ಮೇಲೆ ಉತ್ತರ ಕೊಡುತ್ತಿದ್ದೇನೆ, ಈಗ ಅದರಿಂದ ಯಾರ ಅಂಗಡಿಯೂ ಮುಚ್ಚುವುದಿಲ್ಲ. ಬೇಕು, ಎಲ್ಬಿಯೊ. ಪುಟಕ್ಕಲ್ಲ, ಅಕ್ಷರಕ್ಕಲ್ಲ, ನನಗೆ ನೀನು ಬೇಕು. ನೀನು ಹೋಗುವಾಗ ಇಷ್ಟು ಕಷ್ಟವಾಗುತ್ತದೆ ಅಂತ ಗೊತ್ತಿದ್ದೂ ಕರೆಯುತ್ತಿದ್ದೇನೆ.

ಈ ಸೋಮವಾರವೂ ಬಾ.

ನೀದಿಯಾ